ಒಂದೆಳೆಯೂ ಅಡ್ಡ ಬಂದಿಲ್ಲ

ಈ ಮೂಲಕ ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಮೂಲೆಮನೆಯ ನೇಕಾರ ಇವತ್ತು ಬೆಳಗ್ಗೆ ತನ್ನ ಮಗ್ಗದ ಕೆಳಗೆ ಕಸ ಗುಡಿಸಿದ. ಗುಡಿಸಿದ್ದಷ್ಟೇ ಅಲ್ಲ, ಗುಡಿಸಿದ್ದನ್ನು ಮೊರಕ್ಕೆ ತುಂಬಿ, ಬಾಗಿಲನ್ನು ಪೂರ್ತಿ ತೆರೆದು, ಹಾಡಹಗಲೇ ಹೊರಗೆ ತಂದು ಸುರಿದ. ಈ ಐತಿಹಾಸಿಕ ಘಟನೆಗೆ ಸಾಕ್ಷಿಯಾದವರು ಎದುರಂಗಡಿಯ ದರ್ಜಿ, ದರ್ಜಿಗೆ ಅಳತೆ ಕೊಡುತ್ತಿದ್ದ ಒಬ್ಬ ಗಿರಾಕಿ ಮತ್ತು ಒಂದು ಬೆಕ್ಕು. ಗಿರಾಕಿಯ ತೋಳು ಚಾಚಿದಂತೆಯೇ ನಿಂತುಬಿಟ್ಟಿತು. ದರ್ಜಿಯ ಬಾಯಲ್ಲಿದ್ದ ಗುಂಡುಪಿನ್ನು ಕೆಳಗೆ ಬಿತ್ತು. ಬೆಕ್ಕೊಂದೇ ಮರ್ಯಾದೆ ಉಳಿಸಿಕೊಂಡಿದ್ದು.

"ಏನ್ ಸ್ವಾಮಿ, ಮಗ್ಗ ಶುರುನಾ?" ಎಂದು ದರ್ಜಿ ಕೂಗಿ ಕೇಳಿದ.

"ಮಗ್ಗ ಹೊರಡ್ತಿದೆ" ಎಂದ ನೇಕಾರ.

"ಎಲ್ಲಿಗೆ?"

"ಮ್ಯೂಸಿಯಂಗೆ."

"ಅದು ಹೋದ್ರೆ ಸರಿ, ನೀವೂ ಜೊತೆಗೆ ಹೋಗಿ ನಿಂತ್ಕೋಬೇಡಿ ಮತ್ತೆ. ನಿಮ್ಮನ್ನ ನೋಡಿದ್ರೆ ಅವ್ರು ವಾಪಸ್ ಕಳಿಸಲ್ಲ."

ಬೇರೆ ಕಾಲವಾಗಿದ್ದರೆ ನೇಕಾರ ಒಂದಕ್ಕೆ ಎರಡು ಕೊಡುತ್ತಿದ್ದ. ಇವತ್ತು ಮೊರ ಕೊಡವಿ ಒಳಗೆ ಹೋದ. ಹೆಂಡತಿ ತೀರಿಕೊಂಡಾಗಿನಿಂದ ಆ ಮನೆಯ ಬಾಗಿಲು ಅರ್ಧವೇ ತೆರೆಯುತ್ತಿತ್ತು, ಬಾಯಿ ಅಷ್ಟೂ ತೆರೆಯುತ್ತಿರಲಿಲ್ಲ, ಮಗ್ಗದ ಸದ್ದಂತೂ ಇಲ್ಲವೇ ಇಲ್ಲ. ಮನೆಮನೆಯಲ್ಲೂ ಮಗ್ಗವಿರುವ ಬೀದಿ ಅದು. ಅಲ್ಲಿ ಒಂದು ಮಗ್ಗ ಸುಮ್ಮನಾದರೆ ಪಕ್ಕದ ಮನೆಯವರಿಗೆ ನಿದ್ದೆ ಬರುವುದಿಲ್ಲ.

ಹೆಂಡತಿಯನ್ನು ಇಡೀ ಬೀದಿ 'ಕೂಡಿಸೋ ಅಕ್ಕ' ಎಂದು ಕರೆಯುತ್ತಿತ್ತು. ಕೂರಿಸೋ ಅಕ್ಕ ಅಲ್ಲ. ಅವಳು ಯಾರನ್ನೂ ಸುಮ್ಮನೆ ಕೂರಲು ಬಿಟ್ಟವಳಲ್ಲ. ಅವಳ ಕೆಲಸ ನೂಲಿಗೆ ನೂಲು ಕೂಡಿಸುವುದು. ಬಟ್ಟೆಯ ಉದ್ದಕ್ಕೆ ಹೋಗುವ ನೂಲನ್ನೆಲ್ಲ ಸೇರಿಸಿ ಹಾಸು ಎನ್ನುತ್ತಾರೆ. ಒಂದು ಹಾಸು ನೇಯ್ದು ಮುಗಿದಾಗ ನೇಕಾರ ಬಟ್ಟೆಯನ್ನು ಕತ್ತರಿಸಿ ತೆಗೆಯುತ್ತಾನೆಯೇ ಹೊರತು ನೂಲನ್ನು ಪೂರ್ತಿ ಕಡಿಯುವುದಿಲ್ಲ. ಮೊಳದಷ್ಟು ಬಾಲ ಮಗ್ಗದಲ್ಲೇ ಉಳಿದಿರುತ್ತದೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಬಾಲದ ಒಂದೊಂದು ಎಳೆಗೆ ಹೊಸೆದು ಸೇರಿಸಬೇಕು. ಗಂಟು ಹಾಕುವಂತಿಲ್ಲ, ಗಂಟು ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಎರಡು ತುದಿ ಹಿಡಿದು ಒಂದು ತಿರುವು, ಅಷ್ಟೆ. ಆಮೇಲೆ ಮೆಲ್ಲಗೆ ಎಳೆದರೆ, ಹಳೆಯ ನೂಲು ಹೊಸದನ್ನು ಕೈಹಿಡಿದು ಮಗ್ಗದೊಳಗೆ ಕರೆದುಕೊಂಡು ಹೋಗುತ್ತದೆ.

ಮಗ್ಗದ ಹಿಂದೆ ಕೂತಳೆಂದರೆ ಅವಳಿಗೆ ಗಂಡನೂ ಇಲ್ಲ, ಗಡಿಯಾರವೂ ಇಲ್ಲ.

"ಏನೇ, ಊಟಕ್ಕೆ ಏಳ್ತೀಯೋ ಇಲ್ವೋ?"

"ಇಲ್ಲಿ ಇಷ್ಟೊಂದು ಮದುವೆ ಮಾಡಿಸ್ತಾ ಇದ್ದೀನಿ, ನಿಮಗೊಬ್ಬರಿಗೆ ಊಟದ ಚಿಂತೆ!"

ಎಳೆಗಳನ್ನು ಸಾಲು ತಪ್ಪದೆ ತೆಗೆದುಕೊಳ್ಳುವುದೇ ಆ ಕೆಲಸದ ಜೀವ. ಪಕ್ಕದ ಎಳೆಯನ್ನು ಮೊದಲು ಹಿಡಿದುಬಿಟ್ಟರೆ ಎರಡೂ ಒಂದರ ಮೇಲೊಂದು ಅಡ್ಡ ಹಾಯುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಲಾಳಿಗೆ ದಾರಿ ಬಿಡಲು ಮಗ್ಗ ಬಾಯಿ ತೆರೆದಾಗ ಅವು ತಬ್ಬಿಕೊಂಡು ಪಟ್ಟೆಂದು ಹರಿಯುತ್ತವೆ. ಅದಕ್ಕೇ ನೇಕಾರರು ನೂಲಿನ ಸಾಲುಗಳ ನಡುವೆ ಒಂದು ನಯವಾದ ಕಡ್ಡಿ ತೂರಿಸಿ ನೋಡುತ್ತಾರೆ. ಅಡ್ಡ ಬಂದಿದ್ದರೆ ಕಡ್ಡಿ ಅಲ್ಲೇ ನಿಲ್ಲುತ್ತದೆ. ಕಡ್ಡಿ ಆಡಿಸುವುದು ಎಂಬ ಮಾತಿಗೆ ಬೇರೆ ಕಡೆ ಬೇರೆ ಅರ್ಥವಿರಬಹುದು, ಈ ಬೀದಿಯಲ್ಲಿ ಅದೊಂದು ಉದ್ಯೋಗ. ಕೂಡಿಸೋ ಅಕ್ಕ ಎರಡೂ ಅರ್ಥದಲ್ಲಿ ಅದರ ಪರಿಣತೆ. ಯಾರ ಮನೆಗೆ ಹೋದರೂ ಕಡ್ಡಿ ತೂರಿಸುವಳು, ತಡೆದರೆ ಬೀದಿಗೆ ಕೇಳುವ ಹಾಗೆ ಹೇಳುವಳು: "ಇಲ್ಲಿ ಇಬ್ಬರು ಜಗಳ ಆಡ್ಕೊಂಡಿದ್ದಾರೆ ನೋಡಿ!" ಸ್ವಂತ ತಮ್ಮನನ್ನೂ ಬಿಟ್ಟವಳಲ್ಲ. ಅವನು ಕೂಡಿಸಲು ಕಲಿಯುತ್ತಿದ್ದಾಗ ಅಂಚಿನಲ್ಲಿ ಒಂದೇ ಒಂದು ಕಡೆ ಅಡ್ಡ ಬಂದದ್ದಕ್ಕೆ ಇಡೀ ಹಾಸನ್ನು ಬಿಚ್ಚಿಸಿದ್ದಳು. ಆ ತಮ್ಮ ಮೂಗು ಒರೆಸಿಕೊಳ್ಳುತ್ತಾ ಬಿಚ್ಚಿ, ಮತ್ತೆ ಕೂಡಿಸಿ, ಕೊನೆಗೆ ಬೀದಿಯಲ್ಲಿ ಅವಳ ನಂತರದ ಕೈ ಎನಿಸಿಕೊಂಡ. ಅಕ್ಕನ ಹೆಸರೆತ್ತಿದರೆ ಈಗಲೂ ಎದ್ದು ನಿಲ್ಲುವವನು.

ಅವಳು ಕೊನೆಯದಾಗಿ ಕೂಡಿಸಿದ್ದು ತನ್ನ ಗಂಡನ ಮಗ್ಗವನ್ನೇ. ಜ್ವರ ಮೈಯಲ್ಲೇ ಮನೆಮಾಡಿತ್ತು. ಬೇಡ ಎಂದರೆ ಕೇಳಲಿಲ್ಲ. ಗೋಡೆಗೆ ಒರಗಿಕೊಂಡು, ಬೆರಳಿಗೆ ಬೂದಿ ಹಚ್ಚಿಕೊಂಡು, ಕೆಂಪು ನೂಲನ್ನು ಎಳೆ ಎಳೆಯಾಗಿ ಹೊಸೆಯುತ್ತಾ ಹೋದಳು. ಮುಕ್ಕಾಲು ಪಾಲು ಆಗಿತ್ತೇನೋ. ಒಂದು ಮಧ್ಯಾಹ್ನ ಕೈ ಇಳಿಬಿಟ್ಟಳು. ಹಾಸು ಬಿಟ್ಟು ಹಾಸಿಗೆ ಹಿಡಿದಳು.

"ರೀ, ಕಡ್ಡಿ ಹಾಕಿ ನೋಡಿ" ಎಂದಳು ಮಲಗಿದ್ದಲ್ಲಿಂದಲೇ.

"ನಿನ್ನದಕ್ಕೂ ಕಡ್ಡಿನಾ?"

"ಹಾಕಿ ಅಂದೆ."

ಹಾಕಿದ. ಎಡಗಡೆಯಿಂದ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ನಡುಭಾಗ ದಾಟಿತು. ನಿಂತಿತು.

ನೂಲಿಗೆ ನಾರು ಅಂಟಿರಬಹುದೆಂದು ಹಿಂದೆ ಎಳೆದು ಮತ್ತೆ ತೂರಿಸಿದ. ಅಲ್ಲೇ ನಿಂತಿತು. ಬೆರಳಗಲ ಬಿಟ್ಟು ನೋಡಿದ. ಅಲ್ಲೂ ನಿಂತಿತು. ಅಲ್ಲಿಂದ ಆಚೆಗೆ ಇಷ್ಟಿಷ್ಟು ದೂರಕ್ಕೂ ಎಳೆಗಳು ಒಂದನ್ನೊಂದು ಏರಿ, ಇಳಿದು, ಜಡೆಯ ಹಾಗೆ ಹೆಣೆದುಕೊಂಡಿದ್ದವು. ಹೊಸೆತ ಮಾತ್ರ ಒಂದೊಂದೂ ಅವಳದೇ, ಸಣ್ಣಗೆ, ಗಟ್ಟಿಯಾಗಿ, ಬಲಕ್ಕೆ ವಾಲಿ. ಬೆರಳಿಗೆ ಎಲ್ಲವೂ ನೆನಪಿತ್ತು. ಕಣ್ಣು ಕೈಕೊಟ್ಟಿತ್ತು.

ನೇಕಾರ ನೂಲಿನ ಸಂದಿಯಿಂದ ಅವಳ ಮುಖ ನೋಡಿದ. ಅವಳು ಪರೀಕ್ಷೆಯ ಫಲಿತಾಂಶಕ್ಕೆ ಕಾದವಳ ಹಾಗೆ ಕತ್ತು ಎತ್ತಿಕೊಂಡಿದ್ದಳು.

"ಒಂದೆಳೆಯೂ ಅಡ್ಡ ಬಂದಿಲ್ಲ" ಎಂದ.

"ನಿಜವಾಗ್ಲೂ?"

"ನಾನು ಯಾವತ್ತಾದ್ರೂ ನಿನ್ನ ಹೊಗಳಿದ್ದೀನೇನೇ?"

"ಇಲ್ಲ."

"ಮತ್ತೆ? ಹಾಗಾದ್ರೆ ನಂಬು."

ಅವಳು ನಕ್ಕು ತಲೆ ಕೆಳಗಿಟ್ಟಳು. "ನಮ್ಮ ತಮ್ಮನಿಗೆ ತೋರಿಸಿ. ಜ್ವರದಲ್ಲೂ ಹೆಂಗೆ ಕೂಡಿಸ್ಬೇಕು ಅಂತ ನೋಡಿ ಕಲೀಲಿ. ಮಿಕ್ಕಿದ್ದು ನಾನೆದ್ದು ಮುಗಿಸ್ತೀನಿ."

ಏಳಲಿಲ್ಲ.

ಆಮೇಲೆ ತಮ್ಮ ದಿನಾ ಬರತೊಡಗಿದ. ಅರ್ಧ ತೆರೆದ ಬಾಗಿಲಿನಲ್ಲಿ ಅರ್ಧ ಮುಖ ಇಟ್ಟು ಒಂದೇ ಮಾತು: "ಭಾವ, ಮಿಕ್ಕಿದ್ದು ನಾನು ಕೂಡಿಸಿಕೊಡ್ತೀನಿ. ಅಕ್ಕನ ಕೈಯದು, ಬಟ್ಟೆ ಆಗ್ಲಿ."

"ಆಗುತ್ತೆ ಬಿಡೋ, ಏನವಸರ?"

"ಹಾಳಾಗುತ್ತೆ ಭಾವ. ಧೂಳು ಕೂರುತ್ತೆ."

"ನಾನೂ ಕೂತಿದ್ದೀನಿ, ನನಗೇನಾಗಿದೆ?"

"ನಿಮ್ಮ ಮೇಲೂ ಧೂಳೇ ಇದೆ, ಕನ್ನಡೀಲಿ ನೋಡ್ಕೊಳ್ಳಿ. ಬರೀ ಒಂದ್ಸಲ ಒಳಗೆ ಬಿಡಿ, ನೋಡಿ ಹೋಗ್ತೀನಿ."

ಅವನು ನೋಡುವುದೆಂದರೆ ಕಡ್ಡಿ ತೂರಿಸುವುದು. ನೇಕಾರನಿಗೆ ಅದು ಗೊತ್ತಿತ್ತು. ಬಾಗಿಲು ಹಾಕಿಕೊಂಡು, ಒಂದೆರಡು ಎಳೆ ತಾನೇ ಬಿಚ್ಚಿ ಸರಿಮಾಡಲು ಕೂತದ್ದೂ ಉಂಟು. ಲಾಳಿ ಎಸೆಯುವುದಕ್ಕೆಂದೇ ಹುಟ್ಟಿದ ಬೆರಳುಗಳು. ಹೊಸೆದದ್ದು ಸಾಸಿವೆ ಕಾಳಿನಷ್ಟು ಗಂಟಾಯಿತು. ಅವಳ ಹೊಸೆತಗಳ ಸಾಲಿನಲ್ಲಿ ಅದು ಬಿಳಿ ಅಂಗಿಯ ಮೇಲಿನ ಕರಿ ಗುಂಡಿಯ ಹಾಗೆ ಕಂಡಿತು. ತಮ್ಮ ಒಂದೇ ನೋಟಕ್ಕೆ ಕಂಡುಹಿಡಿಯುತ್ತಾನೆ, ಯಾಕೆ ಬಿಚ್ಚಿದಿರಿ ಎಂದು ಕೇಳುತ್ತಾನೆ. ಮತ್ತೆ ಎಷ್ಟು ಬಿಚ್ಚುವುದು? ಬಿಚ್ಚುತ್ತಾ ಹೋದರೆ ಅವಳೇ ಖಾಲಿಯಾಗುತ್ತಾಳೆ.

ಮ್ಯೂಸಿಯಂನ ವಿಷಯ ಹೇಳಿದ್ದು ದರ್ಜಿ. ಅಲ್ಲಿ ಕೈಮಗ್ಗದ್ದೇ ಒಂದು ಹೊಸ ಕೋಣೆ ಮಾಡುತ್ತಿದ್ದಾರಂತೆ ಎಂದ. ನೇಕಾರ ಯಾರಿಗೂ ಹೇಳದೆ ಹೋಗಿ ನೋಡಿ ಬಂದ. ತಣ್ಣನೆಯ ಕೋಣೆಗಳು. ಹಡಗು ಹತ್ತಿ ಯಾವ ಯಾವ ದೇಶಕ್ಕೋ ಹೋಗಿ ರಾಣಿಯರ ಮೈಮೇಲೆ ಮೆರೆದು ಬಂದ ಬಟ್ಟೆಗಳು; ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳ್ಳನೆಯ ಹತ್ತಿಯ ಬಟ್ಟೆ; ನೂಲಿಗೇ ಮೊದಲು ಬಣ್ಣ ಕಟ್ಟಿ ಆಮೇಲೆ ನೇಯ್ದು ಆನೆ, ಗಿಳಿ, ಹೂವು ಮೂಡಿಸಿದ ಸೀರೆಗಳು. ಪ್ರತಿಯೊಂದರ ಕೆಳಗೂ ಒಂದು ಚೀಟಿ: ನೇಯ್ದವರು ತಿಳಿದಿಲ್ಲ. ಉಟ್ಟವರ ಹೆಸರು ಮಾತ್ರ ಎಲ್ಲರಿಗೂ ತಿಳಿದಿದೆ. ಒಂದು ಹಳೆಯ ಶಾಲಿನ ಮುಂದೆ ನೇಕಾರ ನಿಂತುಬಿಟ್ಟ. ಅಂಚಿನ ಪಕ್ಕದಲ್ಲಿ ಎಳೆಯೊಂದು ಹರಿದಿತ್ತು. ಯಾವನೋ ಪುಣ್ಯಾತ್ಮ ಅವಸರದಲ್ಲಿ ತಪ್ಪಾಗಿ ಸೇರಿಸಿ ಮುಂದೆ ಹೋಗಿದ್ದ. ಪಕ್ಕದಲ್ಲಿದ್ದ ಹೆಂಗಸು ಅದನ್ನೇ ನೋಡುತ್ತಾ ಗಂಡನಿಗೆ ಹೇಳಿದಳು, "ಎಷ್ಟು ಚೆನ್ನಾಗಿದೆ ಅಲ್ವಾ?"

ಗಾಜಿನ ಹಿಂದೆ ಹೋದರೆ ತಪ್ಪಿಗೂ ಹಿರಿತನ ಬರುತ್ತದೆ! ಗಾಜಿನ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತು: ಮುಟ್ಟಬೇಡಿ. ಅಷ್ಟು ಮುದ್ದಾದ ಮಾತನ್ನು ನೇಕಾರ ಹಿಂದೆಂದೂ ಓದಿರಲಿಲ್ಲ. ಊರಿಗೆಲ್ಲ ತೋರಿಸಿ, ಯಾರ ಕೈಗೂ ಸಿಗದ ಹಾಗೆ ಬಚ್ಚಿಡುವ ಜಾಗ! ನೋಡುವವರು ಸಾವಿರ ಜನ, ಕಡ್ಡಿ ತೂರಿಸುವವರು ಒಬ್ಬರೂ ಇಲ್ಲ.

ಮಗ್ಗ ಕೊಡುತ್ತೇನೆಂದು ಹೇಳಿಕಳಿಸಿದ ಮೇಲೆ, ಆ ಹೊಸ ಕೋಣೆ ನೋಡಿಕೊಳ್ಳುವ ಮ್ಯೂಸಿಯಂನ ಮೇಡಂ ಮನೆಗೇ ಬಂದು ನೋಡಿದರು. ಬಟ್ಟೆ ಬಲ್ಲವರು. ಮಗ್ಗದ ಹಿಂದೆ ನಿಂತು, ಮುಟ್ಟದೆ, ಕೈಕಟ್ಟಿಕೊಂಡು ಹೇಳಿದರು, "ನಿಮ್ಮಜ್ಜನ ಕಾಲದಿಂದ ಈ ಮಗ್ಗ ಖಾಲಿಯಾಗೇ ಇಲ್ಲ ಅಲ್ವಾ? ಒಂದರ ಬಾಲಕ್ಕೆ ಇನ್ನೊಂದು ಕೂಡಿಸ್ಕೊಂಡೇ ಬಂದಿದ್ದೀರಿ. ಬಟ್ಟೆ ಎಲ್ಲಾ ಕಡೆ ಇದೆ ಯಜಮಾನ್ರೇ. ಅರ್ಧ ಕೂಡಿಸಿ ನಿಂತ ಕೈ ಎಲ್ಲೂ ಇಲ್ಲ. ನಮಗೆ ಇದೇ ಬೇಕು."

"ಯಾರೂ ಮುಟ್ಟೋದಿಲ್ಲ ತಾನೆ?"

"ಗಾಜು ಹಾಕ್ತೀವಿ."

"ದಪ್ಪದ್ದಾ?"

ಮೇಡಂ ನಕ್ಕರು. "ದಪ್ಪದ್ದೇ. ಕೆಳಗೆ ನಿಮ್ಮ ಮನೆಯವರ ಹೆಸರೂ ಹಾಕ್ತೀವಿ."

"ಕೂಡಿಸೋ ಅಕ್ಕ ಅಂತ ಹಾಕಿ. ಹೆಸರು ಹಾಕಿದ್ರೆ ನಮ್ಮ ಬೀದಿಯೋರಿಗೇ ಯಾರು ಅಂತ ಗೊತ್ತಾಗಲ್ಲ."

ಸುದ್ದಿ ಕೇಳಿ ತಮ್ಮ ಮೊದಲು ಮುಖ ಊದಿಸಿಕೊಂಡ. ಬಟ್ಟೆಯಾಗುವುದಿಲ್ಲವಲ್ಲ ಎಂದು ಬೇಸರ. ಆಮೇಲೆ ಅಕ್ಕ ಗಾಜಿನೊಳಗೆ ಕೂರುತ್ತಾಳೆ ಎನ್ನುವುದು ತಲೆಗಿಳಿದು ಹಿಗ್ಗಿಹೋದ. ಸಾಗಿಸುವ ದಿನ ಬೀದಿಗೆಲ್ಲ ಡಂಗುರ ಹೊಡೆಯುತ್ತಾ ಅವನೇ ಟೆಂಪೋ ಕರೆತಂದ.

ಕಸ ಗುಡಿಸಿದ ಆ ಬೆಳಗ್ಗೆ ಮಗ್ಗ ಚೌಕಟ್ಟಿನ ಸಮೇತ ಟೆಂಪೋ ಏರಿತು. ನೂಲಿನ ಮೇಲೆ ದುಪ್ಪಟಿ ಹೊದಿಸಿದ ನೇಕಾರ, ತಾನೇ ಅದರ ಹಿಂಬದಿಗೆ ಅಂಟಿಕೊಂಡು ನಿಂತ. ತಮ್ಮ ಮುಂಭಾಗ ಹಿಡಿದುಕೊಂಡ. ಪ್ರತಿ ಗುಂಡಿಗೂ ಡ್ರೈವರನ ಮೇಲೆ ಹರಿಹಾಯ್ದ.

"ಮೆತ್ತಗೋ! ಒಳಗಿರೋದು ನಮ್ಮಕ್ಕ!"

ಡ್ರೈವರ್ ಬೆದರಿ ಹಿಂದಕ್ಕೆ ತಿರುಗಿ ನೋಡಿದ. ದುಪ್ಪಟಿ ಹೊದ್ದ ಆಕಾರ ಕಂಡು ಮತ್ತೆ ತಿರುಗಲಿಲ್ಲ. ದಾರಿಯುದ್ದಕ್ಕೂ ನೇಕಾರನಿಗೆ ಒಂಥರಾ ಹಗುರ. ಇನ್ನೊಂದು ತಿರುವು, ಒಂದು ಗೇಟು, ಒಂದು ಗಾಜು. ಆಮೇಲೆ ಅವಳಿಗೆ ಹೇಳಿದ್ದು ಸುಳ್ಳಲ್ಲ. ಅಲ್ಲವೆನ್ನಲು ಯಾರಿಗೂ ಆಗುವುದಿಲ್ಲ.

ಮ್ಯೂಸಿಯಂ ಗೇಟಿನಲ್ಲಿ ಕಾವಲುಗಾರ ದುಪ್ಪಟಿ ಸರಿಸಿದ. ಒಂದು ಕೆಂಪೆಳೆ ಅಲುಗಿತು. ಬಿಳಿ ಪುಡಿ ಉದುರಿ ಅವನ ಬೂಟಿನ ಮೇಲೆ ಬಿತ್ತು.

"ಇದೇನು?"

"ಗಂಜಿ" ಎಂದ ತಮ್ಮ ಹೆಮ್ಮೆಯಿಂದ. "ನೂಲು ಗಟ್ಟಿಯಾಗೋಕೆ ಗಂಜಿ ಹಾಕ್ತಾರೆ. ಹೊಸೆದ ಜಾಗಕ್ಕೂ ಅಕ್ಕ ಒಂದೊಂದು ತೊಟ್ಟು ಹಚ್ಚಿದ್ದಾಳೆ. ನೆಕ್ಕಿ ನೋಡಿ ಬೇಕಾದ್ರೆ, ಅಚ್ಚ ಅಕ್ಕಿ ಗಂಜಿ."

ಮನುಷ್ಯ ತನ್ನವರನ್ನು ಹೊಗಳುವಾಗಲೇ ಕೆಡಿಸುವುದು. ಕಾವಲುಗಾರ ಹಿಂದಿದ್ದ ಫಲಕವನ್ನು ತೋರಿಸಿದ: ತಿನ್ನುವ ಪದಾರ್ಥಗಳನ್ನು ಒಳಗೆ ತರುವಂತಿಲ್ಲ.

"ಅಯ್ಯೋ, ಇದನ್ನ ಯಾರಪ್ಪಾ ತಿಂತಾರೆ?"

"ಹುಳ ತಿನ್ನುತ್ತೆ" ಎಂದರು ಓಡಿಬಂದ ಮೇಡಂ. ಅವರ ಮುಖ ಬಿಳಿಚಿಕೊಂಡಿತ್ತು. "ಗಂಜಿ ಇದ್ರೆ ಹುಳ ಬರುತ್ತೆ, ಇಲಿ ಬರುತ್ತೆ. ಒಳಗಿರೋ ಹಳೇ ಬಟ್ಟೆಗಳೆಲ್ಲ ಹೋಗ್ಬಿಡುತ್ತೆ. ತೊಳೆದೇ ತಂದಿರ್ತೀರಿ ಅಂದ್ಕೊಂಡಿದ್ದೆ. ಕೇಳ್ಬೇಕಿತ್ತು ನಾನು."

"ತೊಳೆದ್ರೆ ಹೊಸೆತ ಬಿಚ್ಚಿಕೊಳ್ಳುತ್ತೆ ಮೇಡಂ" ಎಂದ ನೇಕಾರ. "ಗಂಟಲ್ಲ ಅದು."

ಡ್ರೈವರ್ ಕೆಮ್ಮಿದ.

ತಮ್ಮನ ಮುಖ ಒಮ್ಮೆಲೇ ಬೆಳಗಿತು. "ಭಾವ, ಇದಕ್ಯಾಕೆ ಇಷ್ಟು ತಲೆಬಿಸಿ? ಮನೆಗೆ ವಾಪಸ್ ಹೋಗೋಣ. ಮಿಕ್ಕಿದ್ದು ನಾನು ಕೂಡಿಸ್ತೀನಿ. ನೀವು ನೇಯಿರಿ. ಬಟ್ಟೆ ಆದ್ಮೇಲೆ ಎಷ್ಟು ಬೇಕಾದ್ರೂ ತೊಳೀಬಹುದು. ಆ ಬಟ್ಟೆನೇ ಗಾಜೊಳಗೆ ಇಡ್ಲಿ. ಅಕ್ಕನ ಕೂಡಿಕೆ, ನಿಮ್ಮ ನೇಯ್ಗೆ!"

"ಇದು ಎಲ್ಲಕ್ಕಿಂತ ಚೆನ್ನಾಗಿದೆ" ಎಂದರು ಮೇಡಂ.

"ಅಲ್ವಾ ಮತ್ತೆ!" ಎಂದ ಕಾವಲುಗಾರನೂ. ಡ್ರೈವರ್ ತಲೆಯಾಡಿಸಿದ. ಎಲ್ಲರೂ ನೇಕಾರನ ಕಡೆ ನೋಡಿದರು. ಇಂಥ ಒಳ್ಳೆಯ ಮಾತಿಗೆ ಯಾರು ತಾನೇ ಬೇಡವೆನ್ನುತ್ತಾರೆ?

ತಮ್ಮ ಆಗಲೇ ಜೇಬಿನಿಂದ ಕಡ್ಡಿ ತೆಗೆದಿದ್ದ. "ಟೆಂಪೋ ಕುಲುಕಾಟದಲ್ಲಿ ಏನೂ ಆಗಿಲ್ಲ ತಾನೆ, ನೋಡ್ಬಿಡ್ತೀನಿ" ಎನ್ನುತ್ತಾ ಟೆಂಪೋ ಏರಿ ಮಗ್ಗದ ಹಿಂದಕ್ಕೆ ಬಂದ. ಎಡಗಡೆಯಿಂದ ಶುರುಮಾಡಿದ. ಕಡ್ಡಿ ಸರಸರ ಹೋಗುತ್ತಿತ್ತು. "ಆಹಾ, ಅಕ್ಕಾ!" ಎಂದ. ಅವನ ಕಣ್ಣು ತುಂಬಿತ್ತು. "ನೋಡಿ ಮೇಡಂ, ಜ್ವರದಲ್ಲಿ ಮಾಡಿದ್ದು ಇದು. ಎಲ್ಲಾದ್ರೂ ತಡೀತಿದ್ಯಾ ನೋಡಿ."

ಕಡ್ಡಿ ನಡುಭಾಗದ ಹತ್ತಿರ ಬಂತು.

ನೇಕಾರ ಡ್ರೈವರನ ಕಡೆ ಕೈ ಚಾಚಿದ. "ಹಗ್ಗ ಕುಯ್ಯೋ ಚಾಕು ಕೊಡಪ್ಪ."

ಯಾವ ಹಗ್ಗ ಎಂದು ಡ್ರೈವರ್ ಕೇಳಲಿಲ್ಲ. ನೇಕಾರ ಬಲಗಡೆಯಿಂದ ಹಿಡಿದ. ಒಂದು ಹಿಡಿ ನೂಲು, ಒಂದು ಎಳೆತ. ಇನ್ನೊಂದು ಹಿಡಿ. ಬಿಗಿಯಾಗಿ ನಿಂತಿದ್ದ ನೂಲು ಸದ್ದಿಲ್ಲದೆ ಜೋತುಬಿತ್ತು. ಏನಾಗುತ್ತಿದೆ ಎಂದು ತಮ್ಮನಿಗೆ ತಿಳಿಯುವಷ್ಟರಲ್ಲಿ ಬಲಭಾಗ ಪೂರ್ತಿ ಹೋಗಿತ್ತು. ಅವನು ಕೈ ಹಿಡಿಯುವಷ್ಟರಲ್ಲಿ ಎಡಭಾಗವೂ. ಅಡ್ಡ ಬಂದದ್ದನ್ನು ಮಾತ್ರ ಕಡಿದು ಉಳಿದದ್ದನ್ನು ಬಿಟ್ಟರೆ ಅನುಮಾನ ಬರುತ್ತದೆ, ಸರಿಯಾಗಿದ್ದುದನ್ನೂ ಕಡಿದ. ಆಮೇಲೆ ಮಗ್ಗದೊಳಗಿನ ಹಳೆಯ ಬಾಲವನ್ನೂ ಮುಂದಿನಿಂದ ಹಿಡಿದೆಳೆದ. ಹಣಿಗೆಯ ಹಲ್ಲುಗಳಿಂದ ಅದು ಉದ್ದಕ್ಕೆ ಜಾರಿ ಹೊರಗೆ ಬಂತು.

"ಭಾವ! ಏನ್ ಮಾಡಿದ್ರಿ? ಅಕ್ಕನ ಕೈ... ಅಕ್ಕನ ಕೈ ಕಡಿದ್ರಲ್ಲ!"

"ನನ್ನ ಮಗ್ಗ. ನನ್ನ ನೂಲು."

"ನಿಮಗೆ ಅವಳ ಹೆಸರು ಕಂಡ್ರೇ ಆಗ್ತಿರ್ಲಿಲ್ಲ. ಬೀದಿಯವರೆಲ್ಲ ಅವಳನ್ನ ಹೊಗಳ್ತಾರೆ, ನಿಮ್ಮನ್ನ ಯಾರೂ ಕೇಳಲ್ಲ, ಅದಕ್ಕೇ ಅಲ್ವಾ?"

"ಹೂಂ, ಅದಕ್ಕೇ" ಎಂದ ನೇಕಾರ.

ತಮ್ಮ, ಕೈಯಲ್ಲಿದ್ದ ಕಡ್ಡಿಯನ್ನು ಲಟಕ್ಕನೆ ಮುರಿದು, ಟೆಂಪೋದಿಂದ ಧುಮುಕಿ, ಹಿಂದೆ ತಿರುಗಿ ನೋಡದೆ ರಸ್ತೆ ಹಿಡಿದು ಹೋದ. ಗೋಡೆಯ ಕೊನೆಯಲ್ಲಿ ಒಮ್ಮೆ ನಿಂತು ಮುಂಗೈಯಿಂದ ಮೂಗು ಒರೆಸಿಕೊಂಡದ್ದು ಕಂಡಿತು. ಆಮೇಲೆ ಕಾಣಲಿಲ್ಲ.

ನೇಕಾರ ನೂಲನ್ನೆಲ್ಲ ದುಪ್ಪಟಿಗೆ ಸುರಿದು ಮುದ್ದೆಮಾಡಿ ಎದೆಗವಚಿಕೊಂಡ. ಆ ಮುದ್ದೆಯಲ್ಲಿ ಈಗ ಎಲ್ಲ ಎಳೆಯೂ ಎಲ್ಲ ಎಳೆಗೂ ಅಡ್ಡ. ಯಾವುದನ್ನು ಜ್ವರದಲ್ಲಿ ಕೂಡಿಸಿದ್ದು, ಯಾವುದನ್ನು ಚಾಕು ಬೆರೆಸಿದ್ದು ಎಂದು ಯಾವ ಕಡ್ಡಿಯೂ ಹೇಳಲಾರದು. ಗಂಜಿಯ ಪುಡಿ ಅವನ ಅಂಗಿಗೆಲ್ಲ ಮೆತ್ತಿತ್ತು.

"ಗಂಜಿ ಹೋಯ್ತು" ಎಂದ ಕಾವಲುಗಾರನಿಗೆ. "ಮಗ್ಗ ಒರೆಸಿಕೊಡ್ತೀನಿ. ಒಳಗೆ ತಗೊಳ್ಳಿ. ಹೆಸರು ಮಾತ್ರ ಹಾಕಿ."

ಕಾವಲುಗಾರ ಒಳ್ಳೆಯವನೇ. ಗೇಟನ್ನು ಅರ್ಧ ತೆರೆದೂ ಬಿಟ್ಟಿದ್ದ. ಅಷ್ಟರಲ್ಲಿ ಅವನ ಕಣ್ಣು ಕೈಯಲ್ಲಿದ್ದ ಪ್ರವೇಶದ ಚೀಟಿಯ ಮೇಲೆ ಬಿತ್ತು. ಓದಿದ, ಮಗ್ಗ ನೋಡಿದ, ಮತ್ತೆ ಓದಿದ.

"ಮೇಡಂ, ಇದ್ರಲ್ಲಿ 'ಹಾಸು ಸಮೇತ ಮಗ್ಗ' ಅಂತ ಇದೆಯಲ್ಲ?"

ಮೇಡಂ ನೇಕಾರನ ಮುಖ ನೋಡಲಾರದೆ ಬರಿದಾದ ಹಣಿಗೆಯನ್ನೇ ನೋಡುತ್ತಾ ನಿಂತಿದ್ದರು.

"ಬರೀ ಮಗ್ಗ ನಮ್ಮ ಹತ್ರ ಆಗ್ಲೇ ಇವೆ ಯಜಮಾನ್ರೇ" ಎಂದರು ಬಹಳ ಮೆಲ್ಲಗೆ. "ನಮ್ಮ ಮೇಲಿನವರು ಒಪ್ಪಿಕೊಂಡಿದ್ದು ಆ ಕೂಡಿಕೆಗೆ."